ಡಿಸೆಬಿಲಿಟಿ ಕೇಸು ಗೆದ್ದ ಮೇಲೆ ವಕೀಲರ ಫೀಸನ್ನು ಸರ್ಕಾರದಿಂದ ವಸೂಲಿ ಮಾಡುವುದು ಹೇಗೆ?

ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ (ಕಾಯಿಲೆ, ಅಂಗವೈಕಲ್ಯದಿಂದ ದುಡಿಯಲಾಗದವರಿಗೆ ಸರ್ಕಾರ ಕೊಡುವ ಮಾಸಾಶನ) ಕೇಸು ಹಿಡಿಯುವ ವಕೀಲರು ಸಾಮಾನ್ಯವಾಗಿ ಮುಂಗಡ ಕೇಳುವುದಿಲ್ಲ. ಗೆದ್ದರೆ ಅಲ್ಲಿಯವರೆಗೆ ಬರಬೇಕಿದ್ದ ಬೆನಿಫಿಟ್‌ನ ಬಾಕಿ ಹಣದಲ್ಲಿ ಶೇಕಡಾ 25 ಅವರಿಗೆ, ಸೋತರೆ ಏನೂ ಇಲ್ಲ. ಇಷ್ಟು ಹೆಚ್ಚಿನವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಇನ್ನೊಂದಿದೆ: ಕೇಸು ಫೆಡರಲ್ ಕೋರ್ಟಿನವರೆಗೆ ಹೋಗಿ ಅಲ್ಲಿ ಗೆದ್ದರೆ, ಆ ಹಂತದ ವಕೀಲರ ಫೀಸನ್ನು ಸರ್ಕಾರವೇ ಕಟ್ಟುವಂತೆ ಮಾಡಲು ಕಾನೂನಿದೆ. ಅದರ ಹೆಸರು ಈಕ್ವಲ್ ಆ್ಯಕ್ಸೆಸ್ ಟು ಜಸ್ಟಿಸ್ ಆ್ಯಕ್ಟ್. ಕೋರ್ಟು ಕಚೇರಿಗಳಲ್ಲಿ ಎಲ್ಲರೂ 'ಈಜಾ' ಎಂದೇ ಕರೆಯುತ್ತಾರೆ. 1980ರಲ್ಲಿ ಬಂದ ಈ ಕಾಯಿದೆ 1985ರಲ್ಲಿ ಕಾಯಂ ಆಯಿತು.

ಈಜಾ ಅರ್ಜಿಯನ್ನು ಬರೆಯುವುದು, ಸಲ್ಲಿಸುವುದು, ವಾದಿಸುವುದು ಎಲ್ಲ ವಕೀಲರೇ. ಹಾಗಾಗಿ ಕಕ್ಷಿದಾರರು ಅದು ತಮಗೆ ಸಂಬಂಧಿಸಿದ್ದಲ್ಲ ಎಂದು ಸುಮ್ಮನಾಗುತ್ತಾರೆ. ಆದರೆ ಕಾನೂನಿನ ಪ್ರಕಾರ ಆ ಹಣ ಸೇರುವುದು ಕಕ್ಷಿದಾರರಿಗೆ. ಅರ್ಜಿ ಹಾಕದೆ ಬಿಟ್ಟರೆ ನಷ್ಟವಾಗುವುದೂ ಅವರಿಗೇ, ಎಷ್ಟೆಂದು ಮುಂದೆ ಲೆಕ್ಕ ಹಾಕೋಣ. ನಿಮ್ಮ ಮನೆಯಲ್ಲೋ ಬಂಧುಬಳಗದಲ್ಲೋ ಇಂಥ ಕೇಸು ನಡೆಯುತ್ತಿದ್ದರೆ ಯಾವ ಹೊತ್ತಿಗೆ ಏನು ಕೇಳಬೇಕು ಎಂಬುದು ಇಲ್ಲಿದೆ. ಸಣ್ಣಪುಟ್ಟ ವಿಷಯಗಳಲ್ಲಿ ಒಂದೊಂದು ಸರ್ಕ್ಯೂಟಿನ (ಫೆಡರಲ್ ಮೇಲ್ಮನವಿ ಕೋರ್ಟಿನ ಪ್ರಾಂತ್ಯ) ಕೋರ್ಟು ಒಂದೊಂದು ಹಾದಿ ಹಿಡಿಯುತ್ತದೆ; ಕೊನೆಯ ಮಾತು ನಿಮ್ಮ ವಕೀಲರದೇ ಆಗಿರಲಿ.

ಮೊದಲು ನಿಮ್ಮ ಕೇಸು ಯಾವ ಮೆಟ್ಟಿಲಲ್ಲಿದೆ ನೋಡಿ

ಡಿಸೆಬಿಲಿಟಿ ಅರ್ಜಿ ತಿರಸ್ಕಾರವಾದರೆ ಮೊದಲು ಮರುಪರಿಶೀಲನೆ, ಆಮೇಲೆ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ, ಅಲ್ಲೂ ಆಗದಿದ್ದರೆ ಅಪೀಲ್ಸ್ ಕೌನ್ಸಿಲ್. ಇಷ್ಟೂ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಒಳಗೇ ನಡೆಯುವುದು. ಅಪೀಲ್ಸ್ ಕೌನ್ಸಿಲ್ ಕೂಡ ಇಲ್ಲ ಎಂದ ಮೇಲೆ ಆ ಪತ್ರ ಕೈಸೇರಿದ 60 ದಿನದೊಳಗೆ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ದಾವೆ ಹೂಡಬಹುದು. ಪತ್ರ ತಲುಪಲು ಅದರ ತಾರೀಖಿನಿಂದ 5 ದಿನ ಬೇಕಾಯಿತು ಎಂದು ಇಲಾಖೆ ಎಣಿಸಿಕೊಳ್ಳುತ್ತದೆ.

ಈಜಾ ಅನ್ವಯಿಸುವುದು ಈ ಕೊನೆಯ ಹಂತಕ್ಕೆ ಮಾತ್ರ. ಆಡಳಿತ ನ್ಯಾಯಾಧೀಶರ ಮುಂದೆ ವಕೀಲರು ಎಷ್ಟೇ ಬೆವರು ಸುರಿಸಿದ್ದರೂ ಆ ಗಂಟೆಗಳನ್ನು ಸಾಮಾನ್ಯವಾಗಿ ಈ ಕಾಯಿದೆಯಡಿ ಕೇಳುವಂತಿಲ್ಲ. ಆ ವಿಚಾರಣೆಯಲ್ಲಿ ಸರ್ಕಾರದ ಪರವಾಗಿ ಎದುರು ವಕೀಲರೇ ಇರುವುದಿಲ್ಲ, ಎದುರಾಳಿಯೇ ಇಲ್ಲದ ಮೇಲೆ ಎದುರಾಳಿಯಿಂದ ಖರ್ಚು ಕೇಳುವುದು ಹೇಗೆ ಎಂಬುದು ಕಾನೂನಿನ ತರ್ಕ. ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಹಾಗಲ್ಲ. ಅಲ್ಲಿ ಸೋಷಿಯಲ್ ಸೆಕ್ಯುರಿಟಿ ಕಮಿಷನರ್ ಪ್ರತಿವಾದಿ, ಅವರ ಪರ ಸರ್ಕಾರಿ ವಕೀಲರು ಹಾಜರಿರುತ್ತಾರೆ.

ಕೋರ್ಟಿನಲ್ಲಿ ನೀವೇ ನಿಂತು ವಾದಿಸಿದ್ದರೆ ನಿಮ್ಮ ಸಮಯಕ್ಕೆ ಈಜಾ ಹಣ ಬರುವುದಿಲ್ಲ. ಆದರೆ ಉಚಿತ ಕಾನೂನು ನೆರವು ಸಂಸ್ಥೆಯ ವಕೀಲರು ನಿಮ್ಮಿಂದ ಒಂದು ಡಾಲರೂ ಪಡೆಯದೆ ನಡೆಸಿದ್ದರೂ ಬರುತ್ತದೆ. ಕಕ್ಷಿದಾರರು ಫೀಸು ಕೊಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಕೋರ್ಟು ಅರ್ಜಿಯನ್ನು ತಳ್ಳಿಹಾಕುವುದಿಲ್ಲ.

ಅಮೆರಿಕದಲ್ಲಿ ದುಡಿದು ಈಗ ಬೆಂಗಳೂರಿಗೋ ಶಿವಮೊಗ್ಗಕ್ಕೋ ಮರಳಿ ನೆಲೆಸಿರುವವರಿಗೆ ಇಲ್ಲೊಂದು ಮಾತು. ಅಮೆರಿಕದ ಯಾವ ಜಿಲ್ಲೆಯಲ್ಲೂ ವಾಸವಿಲ್ಲದವರು ದಾವೆ ಹೂಡಬೇಕಾದ್ದು ವಾಷಿಂಗ್ಟನ್ನಿನಲ್ಲಿರುವ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ ಕೋರ್ಟಿನಲ್ಲಿ. ಮೊದಲು ವಾಸವಿದ್ದ ರಾಜ್ಯದ ಕೋರ್ಟಿನಲ್ಲಿ ಅಲ್ಲ. ಭಾರತ ಮತ್ತು ಅಮೆರಿಕದ ನಡುವೆ ಸೋಷಿಯಲ್ ಸೆಕ್ಯುರಿಟಿ ಒಪ್ಪಂದ ಇಲ್ಲವಾದ್ದರಿಂದ ಭಾರತದಲ್ಲಿ ದುಡಿದ ವರ್ಷಗಳು, ಕಟ್ಟಿದ ಪಿಎಫ್ ಯಾವುದೂ ಡಿಸೆಬಿಲಿಟಿ ಅರ್ಹತೆಯ ಲೆಕ್ಕಕ್ಕೆ ಸೇರುವುದಿಲ್ಲ. 31 ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಅಶಕ್ತರಾಗುವ ಮುಂಚಿನ 10 ವರ್ಷದಲ್ಲಿ 5 ವರ್ಷದಷ್ಟು ದುಡಿಮೆ ಅಮೆರಿಕದಲ್ಲೇ ಆಗಿರಬೇಕು. ಊರಿಗೆ ಮರಳಿ ಕೆಲವು ವರ್ಷ ಕಳೆದ ಮೇಲೆ ಕಾಯಿಲೆ ಬಿದ್ದವರು ಈ ಕಲ್ಲಿಗೇ ಎಡವುತ್ತಾರೆ.

ಗೆಲುವು ಅಂದರೆ ಯಾವುದು?

ಡಿಸ್ಟ್ರಿಕ್ಟ್ ಕೋರ್ಟಿನ ನ್ಯಾಯಾಧೀಶರು ನೇರವಾಗಿ "ಇವರಿಗೆ ಬೆನಿಫಿಟ್ ಕೊಡಿ" ಎಂದು ಹೇಳುವುದು ಅಪರೂಪ. "ಇಲಾಖೆಯ ತೀರ್ಮಾನ ಸರಿಯಿಲ್ಲ, ಮತ್ತೆ ವಿಚಾರಣೆ ಮಾಡಿ" ಎಂದು ಕೇಸನ್ನು ವಾಪಸು ಕಳಿಸುವುದೇ ಹೆಚ್ಚು. ಇದಕ್ಕೆ ರಿಮ್ಯಾಂಡ್ ಎನ್ನುತ್ತಾರೆ. ಆದೇಶ ಓದಿದ ಎಷ್ಟೋ ಮಂದಿಗೆ ಇದು ಗೆಲುವು ಅನ್ನಿಸುವುದೇ ಇಲ್ಲ, ಮತ್ತೆ ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿದರಲ್ಲ ಎಂಬ ಬೇಸರ ಸಹಜ. ಆದರೆ ಸೋಷಿಯಲ್ ಸೆಕ್ಯುರಿಟಿ ಕಾಯಿದೆಯ 405(ಜಿ) ಸೆಕ್ಷನ್ನಿನ ನಾಲ್ಕನೇ ವಾಕ್ಯದಡಿ ಕೇಸು ವಾಪಸು ಹೋದರೆ ನೀವು ಗೆದ್ದಂತೆಯೇ ಲೆಕ್ಕ ಎಂದು ಸುಪ್ರೀಂ ಕೋರ್ಟು 1993ರಲ್ಲಿ ಶಲಾಲಾ ವಿರುದ್ಧ ಶೇಫರ್ ಪ್ರಕರಣದಲ್ಲಿ ಹೇಳಿದೆ. ವಾಪಸು ಹೋದ ಮೇಲೆ ಆಡಳಿತ ನ್ಯಾಯಾಧೀಶರು ಮತ್ತೊಮ್ಮೆ "ಇಲ್ಲ" ಎಂದರೂ ಕೋರ್ಟಿನಲ್ಲಿ ಗೆದ್ದ ಗೆಲುವು ಗೆಲುವೇ. ಬೆನಿಫಿಟ್ ಸಿಗುವ ಮೊದಲೇ, ಕೊನೆಗೆ ಸಿಗದೇ ಹೋದರೂ, ಈಜಾ ಹಣ ಕೇಳಬಹುದು.

ಅದೇ ಸೆಕ್ಷನ್ನಿನ ಆರನೇ ವಾಕ್ಯದ ರಿಮ್ಯಾಂಡ್ ಬೇರೆ ಜಾತಿಯದು. ಹೊಸ ಸಾಕ್ಷ್ಯ ಬಂದಿದೆ ಎಂದೋ, ಉತ್ತರ ಸಲ್ಲಿಸುವ ಮುಂಚೆ ಸರ್ಕಾರವೇ ಕೇಳಿಕೊಂಡಿತು ಎಂದೋ ಕೋರ್ಟು ಕೇಸನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ತಾತ್ಕಾಲಿಕವಾಗಿ ವಾಪಸು ಕಳಿಸುತ್ತದೆ. ಇದರಲ್ಲಿ ಇನ್ನೂ ಯಾರೂ ಗೆದ್ದಿಲ್ಲ. ಇಲಾಖೆ ಹೊಸದಾಗಿ ತೀರ್ಮಾನ ಮಾಡಿ, ಕೇಸು ಕೋರ್ಟಿಗೆ ಮರಳಿ, ಅಲ್ಲಿ ಅಂತಿಮ ತೀರ್ಪು ದಾಖಲಾದ ಮೇಲಷ್ಟೇ ಈಜಾ ಗಡುವು ಶುರು. 1991ರ ಮೆಲ್ಕೋನಿಯನ್ ವಿರುದ್ಧ ಸಲಿವನ್ ತೀರ್ಪು ಇದನ್ನು ಇತ್ಯರ್ಥ ಮಾಡಿತು. ಆದ್ದರಿಂದ ರಿಮ್ಯಾಂಡ್ ಆದೇಶ ಬಂದ ದಿನವೇ ವಕೀಲರನ್ನು ಕೇಳಬೇಕಾದ ಪ್ರಶ್ನೆ ಇದು: ನಾಲ್ಕನೇ ವಾಕ್ಯವೋ, ಆರನೇ ವಾಕ್ಯವೋ?

ತಾರೀಖು ಬರೆದಿಟ್ಟುಕೊಳ್ಳಿ

ಈ ಕಾಯಿದೆಯಲ್ಲಿ ಕೇಸು ಕೆಡುವುದು ಹೆಚ್ಚಾಗಿ ಇಲ್ಲಿಯೇ. ತೀರ್ಪು ಅಂತಿಮವಾದ 30 ದಿನದೊಳಗೆ ಅರ್ಜಿ ಬೀಳಬೇಕು ಎನ್ನುತ್ತದೆ ಕಾನೂನು. ಅಂತಿಮ ಎಂದರೆ ಮೇಲ್ಮನವಿಯ ಅವಧಿ ಮುಗಿದದ್ದು. ಸರ್ಕಾರ ಕಕ್ಷಿಯಾಗಿರುವ ದಾವೆಯಲ್ಲಿ ಮೇಲ್ಮನವಿಗೆ 60 ದಿನ. ಹಾಗಾಗಿ ತೀರ್ಪು ದಾಖಲಾದ ದಿನದಿಂದ 60, ಅದರ ಮೇಲೆ 30.

ಒಂದು ಉದಾಹರಣೆ. ತೀರ್ಪು ದಾಖಲಾದದ್ದು 2025ರ ಮಾರ್ಚ್ 6 ಎಂದುಕೊಳ್ಳಿ. ಮೇಲ್ಮನವಿಯ ಅವಧಿ ಮೇ 5ಕ್ಕೆ ಮುಗಿಯಿತು. ಅಲ್ಲಿಂದ 30 ದಿನ ಎಣಿಸಿದರೆ ಜೂನ್ 4. ಆ ದಿನ ಸಂಜೆಯಾದರೂ ಅರ್ಜಿ ಕೋರ್ಟಿನ ದಾಖಲೆಯಲ್ಲಿ ಇರಬೇಕು, ಜೂನ್ 5 ಎಂದರೆ ಕೈತಪ್ಪಿದಂತೆಯೇ.

ಇದರಲ್ಲಿ ಎರಡು ಸಿಕ್ಕುಗಳಿವೆ. ಬೆನಿಫಿಟ್ ಮಂಜೂರಾದ ಪತ್ರ ಬರಲಿ, ಆಮೇಲೆ ಫೀಸಿನ ಮಾತು ಎಂದು ಕಾಯುವುದು ಒಂದು. ರಿಮ್ಯಾಂಡ್ ಆದ ಮೇಲೆ ಮರುವಿಚಾರಣೆಗೆ ತಿಂಗಳುಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಜೂನ್ 4 ಯಾವತ್ತೋ ದಾಟಿರುತ್ತದೆ. ಶೇಫರ್ ಪ್ರಕರಣದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. 1989ರಲ್ಲಿ ಕೇಸು ವಾಪಸು ಹೋಯಿತು, 1990ರಲ್ಲಿ ಬೆನಿಫಿಟ್ ಮಂಜೂರಾಯಿತು, ಅದಾದ ಮೇಲೆ ಆತ ಫೀಸು ಕೇಳಿ ಕೋರ್ಟಿಗೆ ಬಂದ. ಗಡುವು ಎಣಿಸಬೇಕಾದ್ದು ರಿಮ್ಯಾಂಡ್ ತೀರ್ಪಿನಿಂದ, ಬೆನಿಫಿಟ್ ಮಂಜೂರಾತಿಯಿಂದಲ್ಲ ಎಂದು ಸುಪ್ರೀಂ ಕೋರ್ಟು ಸರ್ಕಾರದ ಮಾತನ್ನೇ ಎತ್ತಿಹಿಡಿಯಿತು. ಆದರೂ ಆತ ಬಚಾವಾದ. ಡಿಸ್ಟ್ರಿಕ್ಟ್ ಕೋರ್ಟು ನಿಯಮದ ಪ್ರಕಾರ ಪ್ರತ್ಯೇಕ ಹಾಳೆಯಲ್ಲಿ ತೀರ್ಪನ್ನು ದಾಖಲಿಸಿರಲೇ ಇಲ್ಲ, ಆದ್ದರಿಂದ ಗಡಿಯಾರವೇ ಓಡಲು ಶುರುವಾಗಿರಲಿಲ್ಲ. ಅಂಥ ಅದೃಷ್ಟವನ್ನು ನಂಬಿ ಕೂರುವ ಕಾಲ ಇದಲ್ಲ.

ಎರಡನೆಯದು ಆದೇಶದ ತಾರೀಖನ್ನೂ ತೀರ್ಪಿನ ತಾರೀಖನ್ನೂ ಒಂದೇ ಎಂದುಕೊಳ್ಳುವುದು. ನ್ಯಾಯಾಧೀಶರ ಕಾರಣಸಹಿತ ಆದೇಶ ಒಂದು ದಿನ, 'ಜಡ್ಜ್‌ಮೆಂಟ್' ಎಂಬ ಒಂದು ಪುಟದ ಕಾಗದ ಇನ್ನೊಂದು ದಿನ ದಾಖಲಾಗಬಹುದು. ಎರಡರ ಪ್ರತಿಯನ್ನೂ ವಕೀಲರಿಂದ ಕೇಳಿ ಪಡೆಯಿರಿ. ಒಳ್ಳೆಯ ವಕೀಲರು ಕೊನೆಯ ವಾರದವರೆಗೆ ಕಾಯುವುದೂ ಇಲ್ಲ.

ಸರ್ಕಾರದ ನಿಲುವಿಗೆ ಹುರುಳಿತ್ತೇ?

ಗೆದ್ದ ಮಾತ್ರಕ್ಕೆ ಫೀಸು ತಾನಾಗಿ ಬರುವುದಿಲ್ಲ. ಸರ್ಕಾರ ತನ್ನ ನಿಲುವು ಸಾಕಷ್ಟು ಸಮರ್ಥನೀಯವಾಗಿತ್ತು ಎಂದು ತೋರಿಸಿಕೊಟ್ಟರೆ ಹಣ ಕೊಡಬೇಕಿಲ್ಲ. ಇದನ್ನು ಸಾಬೀತು ಮಾಡುವ ಹೊರೆ ಸರ್ಕಾರದ ಮೇಲಿದೆ, ನಿಮ್ಮ ಮೇಲಲ್ಲ. ಎಷ್ಟು ಸಮರ್ಥನೀಯವಾಗಿದ್ದರೆ ಸಾಕು ಎಂಬುದಕ್ಕೆ 1988ರ ಪಿಯರ್ಸ್ ವಿರುದ್ಧ ಅಂಡರ್‌ವುಡ್ ತೀರ್ಪು ಅಳತೆಗೋಲು: ತಿಳಿವಳಿಕೆಯುಳ್ಳ ಒಬ್ಬ ವ್ಯಕ್ತಿ ಒಪ್ಪಬಹುದಾದ ಆಧಾರ ಕಾನೂನಿನಲ್ಲೂ ಸಂಗತಿಗಳಲ್ಲೂ ಇದ್ದರೆ ಸಾಕು. ಸರ್ಕಾರ ಸೋತಿದೆ ಎಂಬುದೊಂದೇ ಅದರ ನಿಲುವು ಪೊಳ್ಳು ಎಂಬುದಕ್ಕೆ ಸಾಕ್ಷಿಯಲ್ಲ.

ನಿಲುವು ಎಂದರೆ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಮಂಡಿಸಿದ ವಾದ ಮಾತ್ರವಲ್ಲ. ದಾವೆಗೆ ಕಾರಣವಾದ ಇಲಾಖೆಯ ತೀರ್ಮಾನವೂ, ಅಂದರೆ ಆಡಳಿತ ನ್ಯಾಯಾಧೀಶರು ಬರೆದದ್ದೂ ಅದರಲ್ಲಿ ಸೇರುತ್ತದೆ. ಅದೇ ಕೆಟ್ಟದಾಗಿ ಬರೆದದ್ದಾಗಿದ್ದರೆ ಸರ್ಕಾರಿ ವಕೀಲರು ಕೋರ್ಟಿನಲ್ಲಿ ಎಷ್ಟು ಸೊಗಸಾಗಿ ವಾದಿಸಿದರೂ ಬುನಾದಿ ಸೋರುತ್ತಲೇ ಇರುತ್ತದೆ.

ನಿತ್ಯ ನಡೆಯುವ ಒಂದು ಸಂಗತಿ ತೆಗೆದುಕೊಳ್ಳಿ. ನಿಮ್ಮ ಮೂಳೆ ತಜ್ಞರು "ಇವರು ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ಕೂರಲಾರರು" ಎಂದು ಬರೆದುಕೊಟ್ಟಿದ್ದಾರೆ. 2017ರ ಮಾರ್ಚ್ 27ರಿಂದ ಈಚೆಗೆ ಹಾಕಿದ ಅರ್ಜಿಗಳಲ್ಲಿ ಆಡಳಿತ ನ್ಯಾಯಾಧೀಶರು ಇಂಥ ಅಭಿಪ್ರಾಯಕ್ಕೆ ವೈದ್ಯರೇ ಕೊಟ್ಟ ಆಧಾರ ಎಷ್ಟು ಗಟ್ಟಿ, ಉಳಿದ ದಾಖಲೆಗಳೊಂದಿಗೆ ಅದು ಎಷ್ಟು ತಾಳೆಯಾಗುತ್ತದೆ ಎಂಬ ಎರಡು ಅಂಶಗಳನ್ನು ತಮ್ಮ ತೀರ್ಮಾನದಲ್ಲಿ ವಿವರಿಸಲೇಬೇಕು. "ಈ ಅಭಿಪ್ರಾಯ ಮನವರಿಕೆ ಮಾಡುವಂತಿಲ್ಲ" ಎಂದು ಒಂದು ಸಾಲು ಗೀಚಿ ಮುಂದೆ ಹೋಗಿದ್ದರೆ ಇಲಾಖೆ ತನ್ನದೇ ನಿಯಮ ಮುರಿದಂತೆ. ಅಂಥದ್ದನ್ನು ಸಮರ್ಥನೀಯ ಎಂದು ಹೇಳುವುದು ಸರ್ಕಾರಕ್ಕೆ ಕಷ್ಟ. ಅದೇ ಆಡಳಿತ ನ್ಯಾಯಾಧೀಶರು ಎರಡೂ ಅಂಶ ಚರ್ಚಿಸಿ, ಎಲ್ಲೋ ಒಂದೆಡೆ ಡಿಸ್ಟ್ರಿಕ್ಟ್ ಕೋರ್ಟಿಗೆ ಸಾಲದು ಅನ್ನಿಸಿದ್ದರೆ, ಅಥವಾ ಕೋರ್ಟುಗಳೇ ಎರಡು ಮಾತಾಡಿರುವ ಹೊಸ ಕಾನೂನು ಪ್ರಶ್ನೆಯಾಗಿದ್ದರೆ, ಈಜಾ ಅರ್ಜಿ ಬಿದ್ದುಹೋಗಬಹುದು.

ನನ್ನ ಅನಿಸಿಕೆಯಲ್ಲಿ ಈ ಷರತ್ತಿಗೆ ಕಕ್ಷಿದಾರರು ತಲೆಕೆಡಿಸಿಕೊಳ್ಳಬೇಕಾದ್ದು ಕಡಿಮೆ. ಇದು ವಕೀಲರು ಕಾದಾಡುವ ಕಣ. ನೀವು ಮಾಡಬಹುದಾದ ಒಂದೇ ಕೆಲಸ, ನಿಮ್ಮ ಕೇಸಿನಲ್ಲಿ ಕೋರ್ಟು ಯಾವ ತಪ್ಪನ್ನು ಎತ್ತಿ ತೋರಿಸಿ ವಾಪಸು ಕಳಿಸಿತು ಎಂಬುದನ್ನು ಆದೇಶ ಓದಿ ತಿಳಿದುಕೊಳ್ಳುವುದು. ಮುಂದಿನ ವಿಚಾರಣೆಗೂ ಅದು ಬೇಕಾಗುತ್ತದೆ.

ಆಸ್ತಿಯ ಮಿತಿ: ಊರಿನ ಸೈಟೂ ಲೆಕ್ಕಕ್ಕಿದೆ

ದಾವೆ ಹೂಡಿದ ದಿನ ನಿಮ್ಮ ನಿವ್ವಳ ಆಸ್ತಿ 20 ಲಕ್ಷ ಡಾಲರ್ ಮೀರಿರಬಾರದು. ಡಿಸೆಬಿಲಿಟಿ ಕೇಳುವವರಲ್ಲಿ ಹೆಚ್ಚಿನವರು ಈ ಗೆರೆಯ ಹತ್ತಿರವೂ ಬರುವುದಿಲ್ಲ, ವಕೀಲರು ಒಂದು ಪುಟದ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿ ಮುಗಿಸುತ್ತಾರೆ. ನಮ್ಮವರ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ 20 ವರ್ಷದ ಹಿಂದೆ ಕೊಂಡ ಮನೆ, ನಿವೃತ್ತಿ ಖಾತೆ, ಜೊತೆಗೆ ಬೆಂಗಳೂರಿನ ಒಂದು ಸೈಟು, ಹಾಸನದ ಕಡೆ ಪಾಲಿಗೆ ಬಂದ ಕಾಫಿ ತೋಟ. ಕಾನೂನು ಆಸ್ತಿ ಯಾವ ದೇಶದಲ್ಲಿದೆ ಎಂದು ವಿಂಗಡಿಸಿಲ್ಲ. ಸಾಲ ಕಳೆದು ಉಳಿಯುವುದನ್ನು ಕೂಡಿಸಿ, ಜಂಟಿ ಹೆಸರಿನಲ್ಲಿರುವುದು, ಇನ್ನೂ ವಿಭಾಗವಾಗದ ಪಿತ್ರಾರ್ಜಿತ ಎಲ್ಲವನ್ನೂ ವಕೀಲರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಯಾವುದು ಎಷ್ಟು ಸೇರುತ್ತದೆ ಎಂದು ಅವರಿಂದಲೇ ನಿರ್ಧರಿಸಿಕೊಳ್ಳಿ. ಸುಳ್ಳು ಹೇಳಿದರೆ ದಂಡನೆ ಎಂಬ ಸಾಲಿನ ಕೆಳಗೆ ಸಹಿ ಹಾಕುತ್ತಿದ್ದೀರಿ, ಕಣ್ಣುಮುಚ್ಚಿ ಹಾಕಬೇಡಿ.

ಅರ್ಜಿಯೊಳಗೆ ಏನಿರಬೇಕು

ನಾಲ್ಕು ಮಾತು ಇರಲೇಬೇಕು: ನಾವು ಗೆದ್ದಿದ್ದೇವೆ, ಆಸ್ತಿ ಮಿತಿಯೊಳಗಿದೆ, ಸರ್ಕಾರದ ನಿಲುವು ಸಮರ್ಥನೀಯವಾಗಿರಲಿಲ್ಲ, ಇಷ್ಟು ಗಂಟೆಗೆ ಇಷ್ಟು ದರದಂತೆ ಇಷ್ಟು ಹಣ. ಮೂರನೆಯ ಮಾತನ್ನು ಬರೆಯಲು ಮರೆತ ಒಂದು ಅರ್ಜಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದು ಮಾಜಿ ಸೈನಿಕರೊಬ್ಬರ ಅಂಗವೈಕಲ್ಯ ಸೌಲಭ್ಯದ ಕೇಸು, 2004ರ ಸ್ಕಾರ್‌ಬರೋ ವಿರುದ್ಧ ಪ್ರಿನ್ಸಿಪಿ. ಅರ್ಜಿ ಸಮಯಕ್ಕೆ ಬಿದ್ದಿದ್ದರೆ ಬಿಟ್ಟುಹೋದ ಆ ಸಾಲನ್ನು ಗಡುವಿನ ನಂತರವೂ ಸೇರಿಸಬಹುದು ಎಂದಿತು ಕೋರ್ಟು. ಅಂದ ಹಾಗೆ ಈಜಾ ಸೋಷಿಯಲ್ ಸೆಕ್ಯುರಿಟಿಗಷ್ಟೇ ಸೀಮಿತವಲ್ಲ, ಮಾಜಿ ಸೈನಿಕರ ಸೌಲಭ್ಯದ ಕೇಸುಗಳಿಗೆಂದೇ ಇರುವ ಮೇಲ್ಮನವಿ ಕೋರ್ಟಿನಲ್ಲೂ ನಡೆಯುತ್ತದೆ.

ಅರ್ಜಿಯ ಜೀವಾಳ ಗಂಟೆಗಳ ಪಟ್ಟಿ. ವಕೀಲರು 6 ನಿಮಿಷವನ್ನು 0.1 ಗಂಟೆ ಎಂದು ಎಣಿಸುತ್ತಾರೆ. "ಕೇಸಿನ ಕೆಲಸ, 14 ಗಂಟೆ" ಎಂದು ಒಟ್ಟಾಗಿ ಬರೆದರೆ ಸರ್ಕಾರ ತಕರಾರು ತೆಗೆಯುವುದು ಖಚಿತ, ನ್ಯಾಯಾಧೀಶರೂ ಕತ್ತರಿ ಹಾಕುತ್ತಾರೆ. "ಆಡಳಿತ ದಾಖಲೆಯ ಪುಟ 310ರಿಂದ 640ರವರೆಗಿನ ವೈದ್ಯಕೀಯ ಟಿಪ್ಪಣಿ ಓದಿ ಸಾರಾಂಶ ಬರೆದದ್ದು, 4.2 ಗಂಟೆ" ಎಂಬಂತಿದ್ದರೆ ಉಳಿಯುತ್ತದೆ. ಸ್ಕ್ಯಾನ್ ಮಾಡಿದ್ದು, ಅಂಚೆಗೆ ಹಾಕಿದ್ದು, ಕೋರ್ಟಿನ ವೆಬ್‌ಸೈಟಿಗೆ ಏರಿಸಿದ್ದು ಇವೆಲ್ಲ ಗುಮಾಸ್ತಿಕೆಯ ಕೆಲಸ, ಫೀಸಿಲ್ಲ. ಪ್ಯಾರಾಲೀಗಲ್ (ವಕೀಲರ ತರಬೇತಾದ ಸಹಾಯಕರು) ಮಾಡಿದ ನಿಜವಾದ ಕಾನೂನು ಕೆಲಸಕ್ಕೆ ಮಾರುಕಟ್ಟೆ ದರದಲ್ಲಿ ಕೇಳಬಹುದು, 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿದೆ. ಸಾಮಾನ್ಯ ಡಿಸೆಬಿಲಿಟಿ ಕೇಸಿಗೆ ಕೋರ್ಟಿನ ಹಂತದಲ್ಲಿ 20ರಿಂದ 40 ಗಂಟೆ ಹಿಡಿಯುತ್ತದೆ ಎಂಬುದು ಅನೇಕ ನ್ಯಾಯಾಧೀಶರು ತಮ್ಮ ಆದೇಶಗಳಲ್ಲಿ ಬರೆಯುವ ಅಂದಾಜು. 70 ಗಂಟೆ ಕೇಳುವವರು ಏಕೆಂದು ವಿವರಿಸಬೇಕಾಗುತ್ತದೆ.

ದರ? ಕಾಯಿದೆಯ ಪುಸ್ತಕದಲ್ಲಿ ಗಂಟೆಗೆ 125 ಡಾಲರ್ ಎಂದಿದೆ. ಅದು 1996ರ ತಿದ್ದುಪಡಿಯ ಮಾತು, ಅದಕ್ಕೂ ಹಿಂದೆ 75 ಇತ್ತು. ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಲು ಕಾಯಿದೆಯೇ ಅವಕಾಶ ಕೊಟ್ಟಿರುವುದರಿಂದ ಗ್ರಾಹಕ ಬೆಲೆ ಸೂಚ್ಯಂಕ ಹಿಡಿದು ಲೆಕ್ಕ ಹಾಕುತ್ತಾರೆ. ಒಂಬತ್ತನೇ ಸರ್ಕ್ಯೂಟು ಪ್ರತಿ ವರ್ಷದ ದರವನ್ನು ತಾನೇ ಪ್ರಕಟಿಸುತ್ತದೆ. ಅಲ್ಲಿ ಈಚಿನ ವರ್ಷಗಳ ದರ 250 ಡಾಲರ್ ಆಸುಪಾಸಿನಲ್ಲಿದೆ. ಉಳಿದೆಡೆ ವಕೀಲರು ಸೂಚ್ಯಂಕದ ಲೆಕ್ಕವನ್ನು ಅರ್ಜಿಗೆ ಲಗತ್ತಿಸಬೇಕು.

ಕೋರ್ಟಿಗೆ ಕಟ್ಟಿದ 405 ಡಾಲರ್ ದಾವೆ ಶುಲ್ಕವನ್ನು ಇದೇ ಅರ್ಜಿಯಲ್ಲಿ ವೆಚ್ಚ ಎಂದು ಕೇಳಬಹುದು. ವಕೀಲರ ಫೀಸು ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಹಣದಿಂದ, ಈ ಶುಲ್ಕ ಖಜಾನೆಯ ಜಡ್ಜ್‌ಮೆಂಟ್ ಫಂಡಿನಿಂದ ಬರುತ್ತದೆ, ಹಾಗಾಗಿ ಅರ್ಜಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಬಡತನದ ಕಾರಣಕ್ಕೆ ಶುಲ್ಕ ಮಾಫಿಯಾಗಿದ್ದರೆ ಈ ಮಾತಿಲ್ಲ.

ಚೌಕಾಸಿ

ಅರ್ಜಿಗೆ ಮುಂಚೆ ವಕೀಲರು ಸರ್ಕಾರಿ ವಕೀಲರಿಗೆ ಗಂಟೆಗಳ ಪಟ್ಟಿ ಕಳಿಸಿ "ಒಪ್ಪುತ್ತೀರಾ?" ಎಂದು ಕೇಳುವುದು ರೂಢಿ. ಅವರು 7,500ಕ್ಕೆ 6,800 ಎನ್ನುತ್ತಾರೆ, ಇವರು 7,100ಕ್ಕೆ ಇಳಿಯುತ್ತಾರೆ, ಎರಡೂ ಕಡೆ ಸಹಿಯಾಗಿ ಕೋರ್ಟಿನ ಮುಂದೆ ಹೋಗುತ್ತದೆ. ಒಪ್ಪಂದವಾಗದಿದ್ದರೆ ಸರ್ಕಾರ ಆಕ್ಷೇಪಣೆ ಸಲ್ಲಿಸುತ್ತದೆ. ಆಗ ಫೀಸಿಗಾಗಿ ಹೋರಾಡಿದ ಗಂಟೆಗಳಿಗೂ ಫೀಸು ಕೇಳಬಹುದು, ಸುಪ್ರೀಂ ಕೋರ್ಟಿನ 1990ರ ಜೀನ್ ತೀರ್ಪು ಅದಕ್ಕೆ ದಾರಿ ಮಾಡಿಕೊಟ್ಟಿದೆ. ಸರ್ಕಾರಕ್ಕೂ ಇದು ಗೊತ್ತು, ಆದ್ದರಿಂದಲೇ ಚಿಲ್ಲರೆ ಮೊತ್ತಕ್ಕೆ ಪಟ್ಟು ಹಿಡಿಯುವುದು ಕಡಿಮೆ. ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಿದರೆ ಮೇಲ್ಮನವಿ ಉಂಟು. ಆದರೆ ವಿವೇಚನೆಯ ದುರುಪಯೋಗವಾಗಿದೆ ಎಂದು ತೋರಿಸಬೇಕಾದ್ದರಿಂದ ಗೆಲ್ಲುವುದು ಸುಲಭವಲ್ಲ.

ಚೆಕ್ಕು ಯಾರ ಹೆಸರಿಗೆ?

ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಈ ಹಂತದಲ್ಲಿ. 2010ರಲ್ಲಿ ಆಸ್ಟ್ರೂ ವಿರುದ್ಧ ರ‍್ಯಾಟ್ಲಿಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು: ಈಜಾ ಹಣ ಕಕ್ಷಿದಾರರದು, ವಕೀಲರದಲ್ಲ. ಕೇಳಲು ಹಿತವಾದ ಈ ಮಾತಿಗೆ ಒಂದು ಬಾಲವಿದೆ. ಹಣ ಕಕ್ಷಿದಾರರದಾದ್ದರಿಂದ ಅವರು ಸರ್ಕಾರಕ್ಕೆ ಕೊಡಬೇಕಾದ ಹಳೆಯ ಬಾಕಿ ಇದ್ದರೆ ಖಜಾನೆ ಇಲಾಖೆ ಅದನ್ನು ಮೊದಲು ಹಿಡಿದುಕೊಳ್ಳಬಹುದು. ಫೆಡರಲ್ ಶೈಕ್ಷಣಿಕ ಸಾಲದ ಬಾಕಿ, ತೆರಿಗೆ ಬಾಕಿ, ಮಕ್ಕಳ ಪೋಷಣೆಯ ಬಾಕಿ ಇಂಥವು. ಬಾಕಿ ದೊಡ್ಡದಿದ್ದರೆ ಚೆಕ್ಕು ಬರುವುದೇ ಇಲ್ಲ, ವಕೀಲರ ಕೈಯೂ ಖಾಲಿ.

ಬಾಕಿ ಇಲ್ಲದಿದ್ದರೆ ಕಕ್ಷಿದಾರರು ಈಜಾ ಹಣವನ್ನು ವಕೀಲರಿಗೆ ವಹಿಸಿಕೊಟ್ಟ ಪತ್ರದ ಆಧಾರದ ಮೇಲೆ ಸರ್ಕಾರ ಸಾಮಾನ್ಯವಾಗಿ ವಕೀಲರಿಗೇ ನೇರ ಪಾವತಿ ಮಾಡುತ್ತದೆ. ಆ ಪತ್ರ ನಿಮ್ಮ ಮೊದಲ ದಿನದ ಕಾಗದಗಳ ಕಟ್ಟಿನಲ್ಲೇ ಇರುತ್ತದೆ, ನೀವು ಸಹಿ ಹಾಕಿರುತ್ತೀರಿ. ಸರ್ಕಾರಕ್ಕೆ ಕೊಡಬೇಕಾದ ಸಾಲವಿದ್ದರೆ ಆಗಲೇ ವಕೀಲರಿಗೆ ಹೇಳಿ. ಕಂತಿನ ಒಪ್ಪಂದ ಮಾಡಿಕೊಳ್ಳಲು ದಾರಿ ಇದೆಯೇ ಎಂದು ನೋಡಲು ಅವರಿಗೆ ಸಮಯ ಸಿಗುತ್ತದೆ.

ಈಗ ಆ ಲೆಕ್ಕ

ಬೆನಿಫಿಟ್ ಕೊನೆಗೂ ಮಂಜೂರಾಯಿತು ಎನ್ನಿ. ಬಾಕಿ ಹಣ 72,000 ಡಾಲರ್. ಕೋರ್ಟಿನ ಹಂತದ ಕೆಲಸಕ್ಕೆ 406(ಬಿ) ಸೆಕ್ಷನ್ನಿನಡಿ ಬಾಕಿ ಹಣದ ಶೇಕಡಾ 25ರವರೆಗೆ ವಕೀಲರು ಕೇಳಬಹುದು, ಅಂದರೆ 18,000. ಈ ಹಣ ಹೋಗುವುದು ನಿಮ್ಮ ಬಾಕಿಯಿಂದ. ಇದಕ್ಕೂ ಮೊದಲೇ ಈಜಾದಡಿ 30 ಗಂಟೆಗೆ 250ರಂತೆ 7,500 ಡಾಲರ್ ಸರ್ಕಾರದಿಂದ ಬಂದಿದೆ. ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಫೀಸು ಇಟ್ಟುಕೊಳ್ಳುವಂತಿಲ್ಲ. ಎರಡರಲ್ಲಿ ಚಿಕ್ಕದನ್ನು ಕಕ್ಷಿದಾರರಿಗೆ ಹಿಂತಿರುಗಿಸಬೇಕು ಎಂದು 1985ರ ತಿದ್ದುಪಡಿ ಹೇಳುತ್ತದೆ, 2002ರ ಗಿಸ್‌ಬ್ರೆಕ್ಟ್ ತೀರ್ಪು ಅದನ್ನು ನೆನಪಿಸಿದೆ. ವಕೀಲರು 18,000 ಇಟ್ಟುಕೊಂಡು 7,500 ನಿಮಗೆ ಕೊಡಬೇಕು. ನಿಮ್ಮ ಜೇಬಿನಿಂದ ಹೋದದ್ದು 10,500.

ಈಜಾ ಅರ್ಜಿಯನ್ನೇ ಹಾಕಿರದಿದ್ದರೆ? ಪೂರ್ತಿ 18,000 ಹೋಗುವುದು ನಿಮ್ಮ ಜೇಬಿನಿಂದಲೇ. ವಕೀಲರಿಗೆ ಎರಡೂ ಸಂದರ್ಭದಲ್ಲಿ ಸಿಗುವುದು ಅಷ್ಟೇ ಮೊತ್ತ, ಗಡುವು ತಪ್ಪಿದ 7,500ರ ಹೊಡೆತ ಬೀಳುವುದು ಕಕ್ಷಿದಾರರಿಗೆ. ಅರ್ಜಿ ಹಾಕದೆ ಬಿಟ್ಟ ವಕೀಲರ 406(ಬಿ) ಫೀಸಿನಲ್ಲಿ ಅಷ್ಟನ್ನು ಕಡಿತ ಮಾಡಿದ ನ್ಯಾಯಾಧೀಶರೂ ಇದ್ದಾರೆ, ಆದರೆ ಎಲ್ಲರೂ ಮಾಡುತ್ತಾರೆಂದಲ್ಲ.

ಶೇಕಡಾ 25 ಎಂಬುದು ಗರಿಷ್ಠ ಮಿತಿ, ಹಕ್ಕಲ್ಲ. ಮೊತ್ತ ಕೆಲಸಕ್ಕೆ ತಕ್ಕುದೇ ಎಂದು ನೋಡುವುದು ನ್ಯಾಯಾಧೀಶರ ಹೊಣೆ ಎಂದಿದೆ ಗಿಸ್‌ಬ್ರೆಕ್ಟ್. ವಕೀಲರೇ ಕೇಸು ಎಳೆದಾಡಿದ್ದರೆ, ಹಾಕಿದ ಗಂಟೆಗೆ ಹೋಲಿಸಿದರೆ ಮೊತ್ತ ತೀರಾ ಹೆಚ್ಚಿದ್ದರೆ ಇಳಿಸುತ್ತಾರೆ.

ಇದರ ಜೊತೆಗೆ ಇಲಾಖೆಯ ಒಳಗಿನ ವಿಚಾರಣೆಗೆ ಬೇರೆ ಫೀಸಿದೆ. ಮಾಮೂಲಿ ಫೀಸು ಒಪ್ಪಂದದಲ್ಲಿ ಅದು ಬಾಕಿಯ ಶೇಕಡಾ 25 ಅಥವಾ ಒಂದು ನಿಗದಿತ ಮೊತ್ತ, ಯಾವುದು ಕಡಿಮೆಯೋ ಅದು. ಆ ನಿಗದಿತ ಮೊತ್ತ 2024ರ ನವೆಂಬರ್ 30ರಂದು 7,200ರಿಂದ 9,200 ಡಾಲರಿಗೆ ಏರಿತು. ಕೋರ್ಟಿನ 25 ಮತ್ತು ಇಲಾಖೆಯ ಒಳಗಿನ ಫೀಸು ಎರಡೂ ಸೇರಿ ಒಂದೇ 25ರೊಳಗೆ ಇರಬೇಕೇ ಎಂಬ ಜಗಳ 2019ರಲ್ಲಿ ಸುಪ್ರೀಂ ಕೋರ್ಟಿನ ಕಲ್ಬರ್ಟ್‌ಸನ್ ತೀರ್ಪಿನಿಂದ ಮುಗಿಯಿತು. ಬೇಕಿಲ್ಲ ಎಂದಿತು ಕೋರ್ಟು. ನಮ್ಮ ಪಾಲಿಗೆ ಅಷ್ಟೇನೂ ಸಿಹಿಯಲ್ಲದ ತೀರ್ಪು. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ "ಎಲ್ಲ ಹಂತ ಸೇರಿ ಒಟ್ಟು ಶೇಕಡಾ 25 ಮೀರಬಾರದು" ಎಂಬ ಸಾಲು ಸೇರಿಸಲು ಕೇಳಿ. ಎಷ್ಟೋ ವಕೀಲರು ಒಪ್ಪುತ್ತಾರೆ. ಅದೇ ಒಪ್ಪಂದದಲ್ಲಿ ಈಜಾ ಅರ್ಜಿ ಯಾರ ಹೊಣೆ, ಬಂದ ಹಣ ಹೇಗೆ ಹಿಂತಿರುಗುತ್ತದೆ ಎಂಬುದೂ ಕಪ್ಪುಬಿಳುಪಿನಲ್ಲಿ ಇರಲಿ. ಮನೆಯ ಹಿರಿಯರಿಗೆ ಇಂಗ್ಲಿಷ್ ಕಷ್ಟವಾದರೆ ಸಹಿಗೆ ಮುಂಚೆ ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳಿ. ಸೋಷಿಯಲ್ ಸೆಕ್ಯುರಿಟಿ ಕಚೇರಿಯ ವ್ಯವಹಾರಕ್ಕಾದರೆ ದುಭಾಷಿಯನ್ನು ಇಲಾಖೆಯೇ ಉಚಿತವಾಗಿ ಒದಗಿಸುತ್ತದೆ, ವಕೀಲರ ಕಚೇರಿಗೆ ಆ ನಿಯಮವಿಲ್ಲ.

ಮಂಜೂರಾತಿ ಪತ್ರ ಕೈಗೆ ಬಂದ ದಿನವೇ ಪ್ರತಿಯನ್ನು ವಕೀಲರಿಗೆ ಕಳಿಸಿ. 406(ಬಿ) ಅರ್ಜಿಗೆ ಕೆಲವು ಕೋರ್ಟುಗಳು ಆ ಪತ್ರದಿಂದ 14 ದಿನ ಮಾತ್ರ ಕೊಡುತ್ತವೆ. ಇಲಾಖೆ ವಕೀಲರಿಗೆಂದು ನಿಮ್ಮ ಬಾಕಿಯಲ್ಲಿ ಶೇಕಡಾ 25ನ್ನು ತಡೆಹಿಡಿದಿರುತ್ತದೆ. ಫೀಸು ಇತ್ಯರ್ಥವಾಗುವವರೆಗೆ ಅದರಲ್ಲಿ ಮಿಕ್ಕದ್ದೂ ನಿಮ್ಮ ಖಾತೆಗೆ ಬೀಳುವುದಿಲ್ಲ.

ಕೊನೆಗೆ ಮೂರು ಕಾಗದ ಪಕ್ಕಪಕ್ಕ ಇಟ್ಟುಕೊಳ್ಳಿ: ಈಜಾ ಆದೇಶ, 406(ಬಿ) ಆದೇಶ, ಬಾಕಿ ಹಣದ ಪತ್ರ. ಕೆಲವು ವಕೀಲರು ಮೊದಲೇ ಈಜಾ ಮೊತ್ತ ಕಳೆದು 406(ಬಿ)ಯಲ್ಲಿ 10,500 ಮಾತ್ರ ಕೇಳುತ್ತಾರೆ, ಆಗ ಮತ್ತೆ ಚೆಕ್ಕು ಬರುವುದಿಲ್ಲ, ಲೆಕ್ಕ ಅಲ್ಲಿಗೇ ಸರಿಹೋಯಿತು. ಪೂರ್ತಿ 18,000 ಪಡೆದಿದ್ದರೆ 7,500ರ ಚೆಕ್ಕು ನಿಮಗೆ ಬರಬೇಕು. ತಿಂಗಳಾದರೂ ಬಾರದಿದ್ದರೆ ವಕೀಲರಿಗೆ ಎರಡೂ ಆದೇಶಗಳ ತಾರೀಖು ಹಾಕಿ ಇಮೇಲ್ ಬರೆಯಿರಿ. ಹಣ ಹಿಂತಿರುಗಿಸುವಂತೆ ಹೇಳಿರುವ ಸಾಲು ಸಾಮಾನ್ಯವಾಗಿ 406(ಬಿ) ಆದೇಶದ ಕೊನೆಯಲ್ಲೇ ಇರುತ್ತದೆ, ಅದನ್ನು ಎತ್ತಿ ಬರೆಯಿರಿ. ಉತ್ತರ ಬಾರದಿದ್ದರೆ ಆದೇಶ ಕೊಟ್ಟ ನ್ಯಾಯಾಧೀಶರ ಕೋರ್ಟಿಗೆ ತಿಳಿಸಬಹುದು, ಆ ರಾಜ್ಯದ ಬಾರ್‌ಗೆ, ಅಂದರೆ ವಕೀಲರ ಪರಿಷತ್ತಿಗೆ, ದೂರನ್ನೂ ಕೊಡಬಹುದು.